ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ಉಸ್ತುವಾರಿ ಹೇಗೆ?

ಆಪರೇಷನ್ ಇರುವುದು ಮೊಣಕಾಲಿಗೆ. ಅರಿವಳಿಕೆ ವೈದ್ಯರು ಮಾತ್ರ ಬಂದವರೇ 'ಬಾಯಿ ತೆರೆಯಿರಿ, ನಾಲಿಗೆ ಚಾಚಿ' ಅನ್ನುತ್ತಾರೆ. ಯಾಕೆ? ಪೂರ್ತಿ ಅರಿವಳಿಕೆಯಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಬಹುದು. ಉಸಿರೇ ನಿಲ್ಲಲೂಬಹುದು. ಆಮೇಲೆ ನಿಮ್ಮ ಉಸಿರಾಟ ಅವರ ಕೈಯಲ್ಲಿ.

ಮೊದಲು ದಾರಿಯ ಪರೀಕ್ಷೆ. ಬಾಯಿ ಎಷ್ಟು ತೆರೆಯುತ್ತದೆ, ಕತ್ತು ಎಷ್ಟು ಹಿಂದಕ್ಕೆ ಬಾಗುತ್ತದೆ ಎಂದು ನೋಡುತ್ತಾರೆ. ಅಲ್ಲಾಡುವ ಹಲ್ಲು, ಹಲ್ಲಿನ ಸೆಟ್, ಜೋರು ಗೊರಕೆ ಇದ್ದರೆ ನಾಚಿಕೆಪಡದೆ ಹೇಳಿಬಿಡಿ. ಸಾಮಾನ್ಯವಾಗಿ ಲಘು ಆಹಾರಕ್ಕೂ ಅರಿವಳಿಕೆಗೂ ನಡುವೆ 6 ಗಂಟೆ, ಬರೀ ನೀರಿಗಾದರೆ 2 ಗಂಟೆ ಅಂತರ ಬೇಕು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಆಮೇಲೆ ಆಮ್ಲಜನಕದ ದಾಸ್ತಾನು. ಮುಖಕ್ಕೆ ಮಾಸ್ಕ್ ಇಟ್ಟು ಸುಮಾರು 3 ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಸುಮ್ನೆ ಅಲ್ಲ. ಮಾಮೂಲಿ ಗಾಳಿಯಲ್ಲಿ ಇರುವುದು ಶೇ 21 ಮಾತ್ರ. ಅದನ್ನೇ ನಂಬಿದರೆ ಉಸಿರು ನಿಂತ ಒಂದೆರಡು ನಿಮಿಷದಲ್ಲೇ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತದೆ. ದಾಸ್ತಾನು ಇದ್ದರೆ ಆರೋಗ್ಯವಂತರಿಗೆ 8 ನಿಮಿಷದವರೆಗೂ ಸಮಯ ಸಿಗುತ್ತದೆ. ದೇಹ ತುಂಬಾ ದಪ್ಪ ಇದ್ದವರಿಗೆ ಅಷ್ಟು ಸಿಗುವುದಿಲ್ಲ.

ಮಾಸ್ಕೋ, ಟ್ಯೂಬೋ? 1981ರಲ್ಲಿ ಬ್ರಿಟನ್ನಿನ ಆರ್ಚಿ ಬ್ರೈನ್ ರೂಪಿಸಿದ ಲ್ಯಾರಿಂಜಿಯಲ್ ಮಾಸ್ಕ್ ಮುಖದ ಮೇಲಲ್ಲ, ಗಂಟಲಿನೊಳಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುತ್ತದೆ. ಗಂಟಲು ನೋವು ಕಡಿಮೆ. ಸಣ್ಣ ಆಪರೇಷನ್‌ಗೆ ಸಾಕು. ಹೊಟ್ಟೆ ತುಂಬಿದ್ದರೆ ಟ್ಯೂಬೇ ಸರಿ. ಅದು ಶ್ವಾಸನಾಳದ ಒಳಕ್ಕೇ ಹೋಗುತ್ತದೆ, ಸುತ್ತಲಿನ ಪುಟ್ಟ ಬಲೂನು ಉಬ್ಬಿ ದಾರಿ ಬಿಗಿ ಮಾಡುತ್ತದೆ. ಬಲೂನು ಅತಿಯಾಗಿ ಉಬ್ಬಿದರೆ ನಾಳಕ್ಕೆ ಪೆಟ್ಟು.

ಇನ್ನು ವೆಂಟಿಲೇಟರ್. ಎಷ್ಟು ಗಾಳಿ ಎಂಬುದನ್ನು ತೂಕ ನೋಡಿ ಲೆಕ್ಕ ಹಾಕುವುದಿಲ್ಲ, ಎತ್ತರ ನೋಡಿ ಹಾಕುತ್ತಾರೆ. ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ ಅಲ್ವಾ! 160 ಸೆಂ.ಮೀ. ಎತ್ತರದ ಹೆಂಗಸು 55 ಕೆಜಿ ಇರಲಿ, 95 ಕೆಜಿ ಇರಲಿ, ಲೆಕ್ಕಕ್ಕೆ ಹಿಡಿಯುವುದು ಆ ಎತ್ತರಕ್ಕೆ ತಕ್ಕ ತೂಕ, ಅಂದರೆ ಸುಮಾರು 52 ಕೆಜಿ. ಕೆಜಿಗೆ 6ರಿಂದ 8 ಮಿ.ಲೀ.ನಂತೆ ಒಂದು ಉಸಿರಿಗೆ 310ರಿಂದ 420 ಮಿ.ಲೀ. ಹಿಂದೆ ಇದಕ್ಕಿಂತ ಜಾಸ್ತಿ ಕೊಡುವುದೇ ವಾಡಿಕೆಯಾಗಿತ್ತು. ಫ್ರಾನ್ಸ್‌ನಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ 400 ಮಂದಿಯ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹಳೆಯ ರೀತಿಯಲ್ಲಿ ಶೇ 27.5 ಮಂದಿಗೆ ಗಂಭೀರ ತೊಂದರೆಯಾಗಿತ್ತು. ಕಡಿಮೆ ಗಾಳಿ ಕೊಟ್ಟು, ಉಸಿರು ಬಿಟ್ಟಾಗಲೂ ಶ್ವಾಸಕೋಶ ಮುದುಡದಂತೆ ತುಸು ಒತ್ತಡ ಉಳಿಸಿ, ಆಗಾಗ ಅದನ್ನು ಅರಳಿಸಿದವರಲ್ಲಿ ಶೇ 10.5.

ಟ್ಯೂಬ್ ಸರಿಯಾದ ಜಾಗದಲ್ಲಿದೆಯೇ? ಹೊರಬರುವ ಇಂಗಾಲದ ಡೈಆಕ್ಸೈಡ್‌ನ ಅಲೆ ಪರದೆಯ ಮೇಲೆ ಬಿಡದೆ ಮೂಡುತ್ತಿದ್ದರೆ ಸರಿ. ಅಲೆ ಇಲ್ಲದಿದ್ದರೆ ಟ್ಯೂಬ್ ಅನ್ನನಾಳದಲ್ಲಿದೆ ಎಂದೇ ಮೊದಲು ಅನುಮಾನಿಸಬೇಕು.

ಎಚ್ಚರವಾದ ಮೇಲೆ ಒಂದೆರಡು ದಿನ ಗಂಟಲು ಕೆರೆತ ಮಾಮೂಲು. 'ಟ್ಯೂಬ್ ಹಾಕಲು ಕಷ್ಟವಾಯಿತು' ಎಂದು ವೈದ್ಯರು ಹೇಳಿದರೆ ಮಾತ್ರ ಅದನ್ನು ಬರೆಸಿಕೊಂಡು ಇಟ್ಟುಕೊಳ್ಳಿ. ಮುಂದಿನ ಆಪರೇಷನ್‌ಗೆ ಹೋದಾಗ ಮೊದಲು ತೋರಿಸಬೇಕಾದ ಚೀಟಿ ಅದೇ.