ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿಸೆರಗು: ಉಷ್ಣ ಅಂತ ಸುಮ್ನೆ ಇರಬೇಡಿ

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕುಯ್ಲು ಶುರುವಾದರೆ ಹೊಟ್ಟೆನೋವು ಅಂತ ಮನೆಯಲ್ಲಿ ಕೂರಲು ಹೆಂಗಸರಿಗೆ ಪುರುಸೊತ್ತೇ ಇರುವುದಿಲ್ಲ. ಉಷ್ಣ ಆಗಿದೆ ಅಂತ ಮೆಂತ್ಯ ನೆನೆಸಿದ ನೀರು ಕುಡಿದು, ಕುಯ್ಲು ಮುಗೀಲಿ ಆಮೇಲೆ ನೋಡೋಣ ಅಂತ ಮತ್ತೆ ತೋಟಕ್ಕೆ ಹೊರಡುತ್ತಾರೆ. ಅಷ್ಟರಲ್ಲಿ ಸೋಂಕು ಗರ್ಭಕೋಶ ದಾಟಿ ಗರ್ಭನಾಳಕ್ಕೆ ಹೋಗಿರಬಹುದು.

ತಿಂಗಳ ನಡುವೆ ಲೋಳೆಯಂತೆ ಹೋಗುವ, ಕೆಟ್ಟ ವಾಸನೆ ಇಲ್ಲದ ಬಿಳಿಸೆರಗು ಕಾಯಿಲೆಯಲ್ಲ. ಅದು ಹಳದಿ ಅಥವಾ ಹಸಿರಾಗಿ, ನಾತ ಹೊಡೆದು, ಜೊತೆಗೆ ಕಿಬ್ಬೊಟ್ಟೆ ನೋವು, ಜ್ವರ, ಗಂಡನ ಜೊತೆ ಕೂಡುವಾಗ ಒಳಗೆ ನೋವು, ಮುಟ್ಟಿಲ್ಲದಾಗ ರಕ್ತ, ಇವುಗಳಲ್ಲಿ ಯಾವುದೇ ಇದ್ದರೂ ತೋರಿಸಲೇಬೇಕು. ಕೆಲವರಿಗೆ ನೋವು ತೀರಾ ಕಡಿಮೆ. ಆದರೂ ನಾಳ ಕಟ್ಟಿಕೊಂಡು ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು, ಗರ್ಭ ನಾಳದಲ್ಲೇ ನಿಂತುಬಿಡಬಹುದು.

ಇಂಥ ಸೋಂಕಿಗೆ ಕಾರಣವಾಗುವ ಕ್ಲಮೀಡಿಯಾ, ಗೊನೊರಿಯಾ ಎಂಬ ಕಾಯಿಲೆಗಳು ಲೈಂಗಿಕ ಸಂಪರ್ಕದಿಂದ ಬರುತ್ತವೆ. ಆದರೆ ಹೆರಿಗೆ, ಗರ್ಭಪಾತ ಆದ ಮೇಲೆ, ಕಾಪರ್-ಟಿ ಹಾಕಿಸಿದ ಮೊದಲ ಕೆಲವು ವಾರಗಳಲ್ಲೂ ಸೋಂಕು ಮೇಲಕ್ಕೆ ಹೋಗಬಹುದು. ಸೋಂಕು ಅಂದ ತಕ್ಷಣ ಹೆಣ್ಣಿನ ನಡತೆ ಬಗ್ಗೆ ಮಾತಾಡುವವರ ಬಾಯಿ ಮುಚ್ಚಿಸಿ.

ಎಲ್ಲಿಗೆ ಹೋಗಬೇಕು? ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಎರಡರಲ್ಲೂ ಸ್ತ್ರೀರೋಗ ವಿಭಾಗ ಇದೆ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ತೊಂದರೆಗೇ ಸುರಕ್ಷಾ ಕ್ಲಿನಿಕ್ ಇರುತ್ತದೆ, ಔಷಧಿ ಉಚಿತ. ಒಬ್ಬರೇ ಹೋಗಲು ಮುಜುಗರ ಅನಿಸಿದರೆ ಆಶಾ ಅಕ್ಕನನ್ನು ಕರೆದುಕೊಂಡು ಹೋಗಿ.

ಅಲ್ಲಿ "ಹೊಟ್ಟೆನೋವು ಡಾಕ್ಟ್ರೇ" ಅಂತಷ್ಟೇ ಹೇಳಿದರೆ ಗ್ಯಾಸ್ ಮಾತ್ರೆ ಬರೆದು ಕಳಿಸಿಯಾರು. ಕೊನೆಯ ಮುಟ್ಟು ಯಾವತ್ತು ಆಯಿತು, ಎಷ್ಟು ದಿನದಿಂದ ನೋವು, ಬಿಳಿಸೆರಗಿನ ಬಣ್ಣ, ವಾಸನೆ, ಕಾಪರ್-ಟಿ ಇದೆಯಾ, ಎಲ್ಲಾ ಬಿಡಿಸಿ ಹೇಳಿ. ಗರ್ಭ ನಿಂತಿದೆಯಾ ಅಂತ ಮೂತ್ರ ಪರೀಕ್ಷೆ ಮಾಡುತ್ತಾರೆ, ಒಳಗೆ ಕೈಬೆರಳಿಂದ ನೋಡುತ್ತಾರೆ. ಲೇಡಿ ಡಾಕ್ಟರೇ ಬೇಕು ಅಂತ ಕೇಳಬಹುದು, ತಪ್ಪೇನಿಲ್ಲ.

ಸಾಮಾನ್ಯವಾಗಿ 14 ದಿನ ಆಂಟಿಬಯೋಟಿಕ್ ಕೊಡುತ್ತಾರೆ. ನಾಲ್ಕನೇ ದಿನ ನೋವು ಹೋಯಿತು ಅಂತ ಮಾತ್ರೆ ಬಿಟ್ಟರೆ ಸೋಂಕು ಒಳಗೇ ಉಳಿಯುತ್ತದೆ. ಮೂರು ದಿನಕ್ಕೂ ನೋವು ಇಳಿಯದಿದ್ದರೆ ಮತ್ತೆ ಹೋಗಿ ತೋರಿಸಿ. ಗಂಡನಿಗೂ ಔಷಧಿ ಬೇಕು. ಅವರಿಗೆ ಏನೂ ತೊಂದರೆ ಕಾಣದೇ ಇರಬಹುದು, ಆದರೂ ಅವರು ತೆಗೆದುಕೊಳ್ಳದಿದ್ದರೆ ಸೋಂಕು ಮತ್ತೆ ನಿಮಗೇ ಬರಬಹುದು. ಇಬ್ಬರದ್ದೂ ಮುಗಿಯುವ ತನಕ ಕೂಡುವುದು ಬೇಡ. ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯುವುದೂ ಬೇಡ.

ಬಿಳಿಸೆರಗಿಗೇ ಗರ್ಭಕೋಶ ತೆಗೆಸಿಬಿಡಿ ಅಂದರೆ ಒಪ್ಪಿಕೊಳ್ಳಬೇಡಿ. ಇನ್ನೊಬ್ಬ ಡಾಕ್ಟರನ್ನು ಕೇಳಿ.

ಮುಟ್ಟು ತಪ್ಪಿ ಹೊಟ್ಟೆಯ ಒಂದು ಪಕ್ಕ ತುಂಬಾ ನೋವಾದರೆ, ತಲೆಸುತ್ತು ಬಂದು ಬಿದ್ದರೆ, ಜೋರು ಜ್ವರದ ಜೊತೆ ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.