ಕೆಂಪು ಚಪ್ಪಟೆ ಹುಳು: ಔಷಧ ಹಾಕುವ ಮೊದಲು ಹೀರಿ ತೆಗೆಯಿರಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ದೀಪದ ಬೆಳಕು ಚೆನ್ನಾಗಿ ಬೀಳುವ ಕಡೆ, ಗಾಜಿನ ಮೇಲೋ ಕಲ್ಲಿನ ಮೇಲೋ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣಿಸಿಕೊಂಡರೆ, ಪಾಚಿಯೆಂದು ಬಿಟ್ಟುಬಿಡದೆ ಭೂತಗನ್ನಡಿ ಹಿಡಿದು ನೋಡಬೇಕು. ಚುಕ್ಕೆ ನಿಧಾನವಾಗಿ ಜಾರುತ್ತಿದ್ದು, ಅದರ ಹಿಂತುದಿ ಮೂರು ಪುಟ್ಟ ಬಾಲಗಳಂತೆ ಸೀಳಿದ್ದರೆ, ಅದು ಹವ್ಯಾಸಿಗಳು ಕೆಂಪು ಫ್ಲಾಟ್‌ವರ್ಮ್ ಎಂದು ಕರೆಯುವ ಕಾನ್ವೊಲ್ಯೂಟ್ರಿಲೋಬ. ಮೈಯೊಳಗೆ ಪಾಚಿಯನ್ನು ಇಟ್ಟುಕೊಂಡು ಬದುಕುವ ಇದಕ್ಕೆ ಬೆಳಕು ಬೇಕೇ ಬೇಕು. ಹಿಂಬದಿಯಿಂದ ಮೊಗ್ಗೊಡೆದು ಮರಿಯಾಗುವುದರಿಂದ, ಒಂದೇ ಒಂದು ಹುಳು ಒಳಗೆ ಬಂದರೂ ಟ್ಯಾಂಕ್ ತುಂಬಲು ಸಾಕು. ದಟ್ಟವಾಗಿ ಹಬ್ಬಿದಾಗ ಹವಳದ ಮೇಲೆ ಹಾಸಿಕೊಂಡು ಅದಕ್ಕೆ ಬೆಳಕು ಸಿಗದಂತೆ ಮಾಡುತ್ತದೆ.

ಆದರೂ ಹುಳು ಕಂಡ ದಿನವೇ ಔಷಧ ಸುರಿಯುವುದು ದೊಡ್ಡ ತಪ್ಪು. ಈ ಹುಳುಗಳು ಸಾಯುವಾಗ ನೀರಿಗೆ ವಿಷ ಬಿಡುತ್ತವೆ. ಸಾವಿರಾರು ಒಮ್ಮೆಗೇ ಸತ್ತರೆ ಔಷಧ ತಾಳಿಕೊಂಡ ಮೀನುಗಳೂ ಆ ವಿಷಕ್ಕೆ ಬಲಿಯಾಗಬಹುದು. ಆದ್ದರಿಂದ ಮೊದಲ ಕೆಲಸ ಎಣಿಕೆ ತಗ್ಗಿಸುವುದು. ದೀಪ ಹತ್ತಿ ಎರಡು ಮೂರು ಗಂಟೆಯಾದ ಮೇಲೆ, ಹುಳುಗಳೆಲ್ಲ ಬೆಳಕಿಗೆ ಬಂದು ಹರಡಿಕೊಂಡಿರುವಾಗ, ಏರ್‌ಲೈನ್ ಟ್ಯೂಬಿನ (ಗಾಳಿ ಪಂಪಿಗೆ ಜೋಡಿಸುವ ಸಣ್ಣ ಕೊಳವೆ) ತುದಿಯನ್ನು ಒಂದೊಂದರ ಅಂಚಿಗೆ ಹಿಡಿದು ಹೀರಿ ಬಕೆಟ್‌ಗೆ ಇಳಿಸಬೇಕು. ತೆಗೆದಷ್ಟು ನೀರಿನ ಬದಲಿಗೆ ಅದೇ ಉಷ್ಣಾಂಶದ, ಅದೇ ಲವಣಾಂಶದ (ಹವಳದ ಟ್ಯಾಂಕಿಗೆ ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ ಸಾಮಾನ್ಯವಾಗಿ 1.025ರ ಆಸುಪಾಸು) ಹೊಸ ನೀರನ್ನು ತುಂಬಬೇಕು. ಎರಡು ಮೂರು ದಿನಕ್ಕೊಮ್ಮೆಯಂತೆ ಕೆಲವು ವಾರ ಬೇಸರಿಸದೆ ಹೀಗೆ ಮಾಡಿ, ಮೀನಿನ ಮೇವನ್ನೂ ಕಡಿಮೆ ಮಾಡಿದರೆ, ಅನೇಕ ಸಣ್ಣ ಟ್ಯಾಂಕುಗಳಲ್ಲಿ ಔಷಧದ ಅಗತ್ಯವೇ ಬೀಳುವುದಿಲ್ಲ.

ಔಷಧ ಬೇಕೇ ಆದರೆ, ಕಲ್ಲು ಮರಳು ಕಳೆದು ಉಳಿಯುವ ನೀರಿನ ಪ್ರಮಾಣಕ್ಕೆ ಲೆಕ್ಕ ಹಾಕಿ, ಚೀಟಿಯಲ್ಲಿ ಹೇಳಿದಷ್ಟೇ ಹಾಕಬೇಕು. ನೀರಿನಲ್ಲಿರುವ ಔಷಧ, ವಿಷಗಳನ್ನು ಹೀರಿಕೊಳ್ಳುವ ಹೊಸ ಆಕ್ಟಿವೇಟೆಡ್ ಕಾರ್ಬನ್ ಮತ್ತು ಟ್ಯಾಂಕಿನ ಕಾಲುಭಾಗದಷ್ಟು ಉಪ್ಪುನೀರು ಮೊದಲೇ ಸಿದ್ಧವಿರಲಿ. ಹುಳುಗಳು ಕಳಚಿ ತೇಲತೊಡಗಿದ ಕೂಡಲೇ ಅವನ್ನು ಹೀರಿ ಹೊರಹಾಕಬೇಕು. ಮೀನು ಏದುಸಿರು ಬಿಡುತ್ತಿರುವುದು ಕಂಡರೆ, ನಿಗದಿತ ಅವಧಿ ಮುಗಿಯುವವರೆಗೆ ಕಾಯದೆ ನೀರು ಬದಲಿಸಿ ಕಾರ್ಬನ್ ಹಾಕಬೇಕು.

ಸಿಕ್ಸ್‌ಲೈನ್ ರಾಸ್‌ನಂಥ ಮೀನುಗಳಲ್ಲಿ ಕೆಲವು ಈ ಹುಳುಗಳನ್ನು ತಿನ್ನುತ್ತವೆ, ಹಲವು ಮೂಸಿಯೂ ನೋಡುವುದಿಲ್ಲ. ಚಪ್ಪಟೆ ಹುಳುವನ್ನೇ ತಿಂದು ಬದುಕುವ ನೀಲಿ ವೆಲ್ವೆಟ್ ಸ್ಲಗ್‌ ಎಂಬ ಕಡಲ ಗೊಂಡೆಹುಳುವನ್ನು ತಂದರೆ, ಹುಳು ಮುಗಿದ ಮೇಲೆ ಅದು ಹಸಿವಿನಿಂದ ಸಾಯುತ್ತದೆ. ಹಾಗಾಗಿ ಅದನ್ನು ತರಬೇಡಿ ಎನ್ನುವುದೇ ನನ್ನ ಸಲಹೆ.

ಕಲ್ಲಿನ ಸಂದಿಯಿಂದ ರಾತ್ರಿ ಹೊರಬರುವ, ಮೈಯ ಎರಡೂ ಬದಿ ಬಿಳಿ ಮುಳ್ಳುಗೂದಲಿರುವ ಬ್ರಿಸಲ್‌ವರ್ಮ್‌ ಮಾತ್ರ ಬೇರೆ ಲೆಕ್ಕ. ಸಾಮಾನ್ಯವಾಗಿ ಅದು ಉಳಿದ ಮೇವನ್ನು ತಿಂದು ಟ್ಯಾಂಕನ್ನು ಚೊಕ್ಕಟವಾಗಿಡುವ ಜೀವಿ. ಅದರ ಸಂಖ್ಯೆ ಮಿತಿಮೀರಿದರೆ ಮೇವು ಹೆಚ್ಚಾಗಿದೆ ಎಂದರ್ಥ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಕೂದಲು ಚುಚ್ಚಿಕೊಂಡರೆ ಉಜ್ಜದೆ, ಅಂಟುಪಟ್ಟಿ ಒತ್ತಿ ಕಿತ್ತು ತೆಗೆಯಬೇಕು.