ಬಾಕ್ಸ್ ಸ್ಕೋರ್ ಓದುವುದು ಹೇಗೆ: ನಾಲ್ಕು ಅಂಕಗಳ ಅಂತರದ ಒಂದು ಫೈನಲ್

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿಯುತ್ತಿದ್ದಂತೆ ಬಾಕ್ಸ್ ಸ್ಕೋರ್ ಎಂಬ ಪಟ್ಟಿ ಸಿದ್ಧವಾಗಿರುತ್ತದೆ. ಪ್ರತಿ ಆಟಗಾರನಿಗೆ ಒಂದು ಸಾಲು, ಅವನ ಪ್ರತಿಯೊಂದು ಕೆಲಸಕ್ಕೂ ಒಂದು ಕಾಲಂ. ಹೆಚ್ಚಿನವರು ಅಂಕಗಳ ಕಾಲಂ ಅನ್ನಷ್ಟೇ ನೋಡಿ, ಯಾರು ಹೆಚ್ಚು ಗಳಿಸಿದರೆಂದು ತಿಳಿದುಕೊಂಡು ಪಟ್ಟಿಯನ್ನು ಬದಿಗಿಡುತ್ತಾರೆ. ಒಂದು ತಂಡ ಮೂವತ್ತು ಅಂಕಗಳಿಂದ ಗೆದ್ದಿದ್ದರೆ ಅಷ್ಟು ಸಾಕು. ಅಂತರ ಮೂರೋ ನಾಲ್ಕೋ ಅಂಕಗಳದ್ದಾಗಿದ್ದರೆ ಪಟ್ಟಿಯನ್ನು ಬೇರೆ ಕ್ರಮದಲ್ಲಿ ಓದಬೇಕು. ಆ ಕ್ರಮವನ್ನು ಕಲಿಯಲು 2016ರ ಜೂನ್ 19ರಂದು ಓಕ್ಲೆಂಡ್‌ನ ಒರಾಕಲ್ ಅರೀನಾದಲ್ಲಿ ನಡೆದ ಫೈನಲ್ ಸರಣಿಯ ಏಳನೇ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 93, ಗೋಲ್ಡನ್ ಸ್ಟೇಟ್ ವಾರಿಯರ್ಸ್ 89. ಆ ದಿನ ಎಲ್ಲರಿಗಿಂತ ಹೆಚ್ಚು, ಅಂದರೆ 32 ಅಂಕ ಗಳಿಸಿದವರು ಡ್ರೇಮಂಡ್ ಗ್ರೀನ್. ಅವರು ಸೋತ ತಂಡದವರು.

ಮೊದಲು ಆಟಗಾರರ ಸಾಲುಗಳನ್ನು ಬಿಟ್ಟು ಪಟ್ಟಿಯ ಕೊನೆಯಲ್ಲಿರುವ ತಂಡದ ಒಟ್ಟು ಮೊತ್ತಕ್ಕೆ ಬನ್ನಿ. ಅಲ್ಲಿ ಕ್ಲೀವ್‌ಲ್ಯಾಂಡ್‌ನ ಫೀಲ್ಡ್ ಗೋಲ್, ಅಂದರೆ ಆಟ ನಡೆಯುತ್ತಿರುವಾಗಿನ ಎಸೆತಗಳ ಲೆಕ್ಕ, 33-82 ಎಂದಿದೆ. 82 ಎಸೆತಗಳಲ್ಲಿ 33 ಬುಟ್ಟಿಗೆ ಬಿದ್ದವು ಎಂದು ಅದರ ಅರ್ಥ. ಪಕ್ಕದಲ್ಲಿರುವ ಮೂರು ಅಂಕದ ಎಸೆತಗಳು, 6-25, ಈ 33ರಲ್ಲೇ ಸೇರಿವೆ ಎಂಬುದನ್ನು ಹೊಸಬರು ಮರೆಯಬಾರದು. ಹೀಗಾಗಿ 33ನ್ನು ಎರಡರಿಂದ ಗುಣಿಸಿ, ಬುಟ್ಟಿಗೆ ಬಿದ್ದ ಮೂರು ಅಂಕದ ಪ್ರತಿ ಎಸೆತಕ್ಕೂ ಒಂದೊಂದು ಸೇರಿಸಿದರೆ 72 ಆಗುತ್ತದೆ; ಉಳಿದ 21 ಅಂಕ ಫ್ರೀ ಥ್ರೋಗಳಿಂದ, ಅಂದರೆ ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ ಒಂದೊಂದು ಅಂಕದ ಎಸೆತಗಳಿಂದ, ಬಂದವು. ವಾರಿಯರ್ಸ್‌ಗೂ ಇದೇ ಲೆಕ್ಕ ಹಾಕಿ: ಫೀಲ್ಡ್ ಗೋಲ್ 32-83, ಅದರಲ್ಲಿ ಮೂರು ಅಂಕದವು 15-41, ಒಟ್ಟು 79, ಫ್ರೀ ಥ್ರೋಗಳಿಂದ 10.

ಈಗ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಆಟ ನಡೆಯುತ್ತಿರುವಾಗಿನ ಎಸೆತಗಳಲ್ಲಿ ವಾರಿಯರ್ಸ್ ಏಳು ಅಂಕ ಮುಂದಿದ್ದರು. ಕ್ಲೀವ್‌ಲ್ಯಾಂಡ್ ಫ್ರೀ ಥ್ರೋ ಗೆರೆಯಲ್ಲಿ ಹನ್ನೊಂದು ಅಂಕ ಮುಂದಿತ್ತು. ಹನ್ನೊಂದರಲ್ಲಿ ಏಳು ಕಳೆದರೆ ನಾಲ್ಕು, ಅದೇ ಗೆಲುವಿನ ಅಂತರ. ಕೇವಲ ಕೂಡಿಸಿ ಕಳೆದು ತಿಳಿಯಬಹುದಾದ ಈ ಸಂಗತಿ ಗ್ರೀನ್ ಅವರ 32 ಅಂಕಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಆಟಗಾರರ ಸಾಲುಗಳಿಗೆ ಬಂದಾಗ ಎಷ್ಟು ಅಂಕ ಎಂಬುದರ ಜೊತೆಗೆ ಎಷ್ಟು ಎಸೆತಗಳಲ್ಲಿ ಎಂದೂ ಕೇಳಬೇಕು. ಇದಕ್ಕೆ ಟ್ರೂ ಶೂಟಿಂಗ್ ಎಂಬ ಅಳತೆ ಬಳಕೆಯಲ್ಲಿದೆ. ಫ್ರೀ ಥ್ರೋ ಯತ್ನಗಳನ್ನು 0.44ರಿಂದ ಗುಣಿಸಿ ಫೀಲ್ಡ್ ಗೋಲ್ ಯತ್ನಗಳಿಗೆ ಸೇರಿಸಿ, ಬಂದದ್ದನ್ನು ಇಮ್ಮಡಿ ಮಾಡಿ, ಅದರಿಂದ ಆಟಗಾರನ ಅಂಕಗಳನ್ನು ಭಾಗಿಸಬೇಕು. ಎಸೆತ ಬುಟ್ಟಿಗೆ ಬಿದ್ದ ಮೇಲೂ ಫೌಲ್‌ಗಾಗಿ ಒಂದೇ ಒಂದು ಫ್ರೀ ಥ್ರೋ ಸಿಗುವಂತಹ ಸಂದರ್ಭಗಳು ಇರುವುದರಿಂದಲೇ 0.5ರ ಬದಲು 0.44 ಬಂದಿದೆ. ಗ್ರೀನ್ ಅವರ 11-15, ಫ್ರೀ ಥ್ರೋ 4-4. ಲೆಕ್ಕ ಹಾಕಿದರೆ ಶೇ 95ಕ್ಕಿಂತ ಹೆಚ್ಚು, ನಂಬಲು ಕಷ್ಟವಾದ ಸಂಖ್ಯೆ. ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಅವರ 9-24, ಫ್ರೀ ಥ್ರೋ 8-10, ಅಂಕ 27; ಇದು ಶೇ 47.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಋತುವಿನ ಲೀಗ್ ಹಂತದಲ್ಲಿ 402 ಬಾರಿ ಮೂರು ಅಂಕದ ಎಸೆತ ಹಾಕಿ ದಾಖಲೆ ಬರೆದಿದ್ದ ಸ್ಟೀಫನ್ ಕರಿ ಅಂದು 14 ಯತ್ನಗಳಲ್ಲಿ ನಾಲ್ಕನ್ನಷ್ಟೇ ಹಾಕಿದರು. ಅವರ ಜೊತೆಗಾರ ಕ್ಲೇ ಥಾಂಪ್ಸನ್ ಹಾಕಿದ್ದು ಹತ್ತರಲ್ಲಿ ಎರಡು. ಗ್ರೀನ್ ಅವರ ಆಟ ವ್ಯರ್ಥವಾದದ್ದು ಎಲ್ಲಿ ಎಂಬ ಪ್ರಶ್ನೆಗೆ ಈ ಎರಡು ಸಾಲುಗಳಲ್ಲಿ ಉತ್ತರವಿದೆ.

ಹಾಗಾದರೆ ಜೇಮ್ಸ್ ಆಟ ಕಳಪೆಯಾಗಿತ್ತೇ? ಖಂಡಿತ ಇಲ್ಲ. ಒಂದು ಅಳತೆಯಿಂದ ತೀರ್ಪು ಕೊಡದೆ ಸಾಲನ್ನು ಕೊನೆಯವರೆಗೂ ಓದಿ: 11 ರೀಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), 11 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್), 3 ಬ್ಲಾಕ್ (ಎದುರಾಳಿಯ ಎಸೆತವನ್ನು ತಡೆಯುವುದು). ಪ್ರತಿ ಅಸಿಸ್ಟ್‌ನಿಂದ ತಂಡಕ್ಕೆ ಕನಿಷ್ಠ ಎರಡು ಅಂಕ ಬರುತ್ತದೆಯಾದ್ದರಿಂದ, ಅವರೇ ಗಳಿಸಿದ 27ರ ಜೊತೆಗೆ ಕನಿಷ್ಠ 22 ಅಂಕಗಳು ಅವರ ಕೈಯಿಂದ ಹೊರಟ ಪಾಸ್‌ಗಳಿಂದ ಬಂದಿವೆ. ತಂಡದ 93ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಆಯಿತು. ಎರಡೂ ತಂಡಗಳ ಎಸೆತಗಳು ಬಹಳ ಸಲ ಗುರಿ ತಪ್ಪಿದ ಇಂಥ ಪಂದ್ಯದಲ್ಲಿ ರೀಬೌಂಡ್‌ಗಳಿಗೆ ತೂಕ ಹೆಚ್ಚು; ಕ್ಲೀವ್‌ಲ್ಯಾಂಡ್ 48, ವಾರಿಯರ್ಸ್ 39.

ಪ್ಲಸ್-ಮೈನಸ್ ಕಾಲಂ ಅನ್ನು ಎಚ್ಚರಿಕೆಯಿಂದ ಓದಿ. ಆಟಗಾರ ಅಂಕಣದಲ್ಲಿದ್ದಷ್ಟು ಹೊತ್ತು ಅವನ ತಂಡ ಎಷ್ಟು ಅಂಕ ಮುಂದಾಯಿತು ಅಥವಾ ಹಿಂದಾಯಿತು ಎಂಬುದನ್ನು ಅದು ತೋರಿಸುತ್ತದೆ. ಕೇವಲ 9 ಅಂಕ ಗಳಿಸಿ 14 ರೀಬೌಂಡ್ ಹಿಡಿದ ಕೆವಿನ್ ಲವ್ ಅವರ ಎದುರು ಪ್ಲಸ್ 19 ಎಂದಿದೆ. ನಾಲ್ಕು ಅಂಕಗಳಿಂದ ಗೆದ್ದ ತಂಡ, ಅವರು ಬೆಂಚಿನಲ್ಲಿದ್ದಾಗ 15 ಅಂಕ ಹಿಂದೆ ಬಿದ್ದಿತ್ತು ಎಂದಾಯಿತು. ಜೊತೆಗೆ ಆಡುವ ನಾಲ್ವರ ಪಾಲೂ ಇದರಲ್ಲಿ ಬೆರೆತಿರುವುದರಿಂದ ಒಂದೇ ಪಂದ್ಯದ ಪ್ಲಸ್-ಮೈನಸ್ ನೋಡಿ ಯಾರನ್ನೂ ಹೊಗಳಬಾರದು, ತೆಗಳಬಾರದು. ಆದರೂ ಅಂಕಗಳ ಕಾಲಂ ಮರೆಮಾಚಿದ ಹೆಸರೊಂದನ್ನು ಅದು ಮುಂದೆ ತಂದಿತು.

ಕೊನೆಯದಾಗಿ, ಬಾಕ್ಸ್ ಸ್ಕೋರ್‌ಗೆ ಸಮಯದ ಅರಿವಿಲ್ಲ. ಕ್ರಿಕೆಟ್ ಸ್ಕೋರ್‌ಕಾರ್ಡ್‌ನಲ್ಲಿ ವಿಕೆಟ್‌ಗಳು ಯಾವ ಮೊತ್ತಕ್ಕೆ ಬಿದ್ದವೆಂದಾದರೂ ಇರುತ್ತದೆ, ಇಲ್ಲಿ ಮೊದಲ ನಿಮಿಷದ ಎಸೆತಕ್ಕೂ ಕೊನೆಯ ನಿಮಿಷದ ಎಸೆತಕ್ಕೂ ಒಂದೇ ಬೆಲೆ. ಆದ್ದರಿಂದ ನಿಕಟ ಪಂದ್ಯವಾದರೆ ಪ್ಲೇ-ಬೈ-ಪ್ಲೇ ಎಂಬ ಇನ್ನೊಂದು ಪಟ್ಟಿಯನ್ನು ತೆರೆದು ಕೊನೆಯ ಐದು ನಿಮಿಷಗಳನ್ನು ಸಾಲು ಸಾಲಾಗಿ ಓದಿ. ಅಂದು 4 ನಿಮಿಷ 39 ಸೆಕೆಂಡ್ ಉಳಿದಿರುವಾಗ ಸ್ಕೋರ್ 89-89 ಆಯಿತು. ಆಮೇಲೆ ಬಹಳ ಹೊತ್ತು ಯಾರಿಗೂ ಅಂಕ ಸಿಗಲಿಲ್ಲ. ಎರಡು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ವಾರಿಯರ್ಸ್‌ನ ಆಂಡ್ರೆ ಇಗ್ವಡಾಲ ಬುಟ್ಟಿಯತ್ತ ಎತ್ತಿದ ಚೆಂಡನ್ನು ಜೇಮ್ಸ್ ಹಿಂದಿನಿಂದ ಓಡಿಬಂದು ಬೋರ್ಡಿಗೆ ಬಡಿದರು. ಪಟ್ಟಿಯಲ್ಲಿ ಅದು ಅವರ ಮೂರು ಬ್ಲಾಕ್‌ಗಳಲ್ಲಿ ಒಂದು, ಅಷ್ಟೇ. 53 ಸೆಕೆಂಡ್ ಉಳಿದಾಗ ಕ್ಲೀವ್‌ಲ್ಯಾಂಡ್‌ನ ಕೈರಿ ಇರ್ವಿಂಗ್ ಕರಿಯವರ ಎದುರೇ ಮೂರು ಅಂಕದ ಎಸೆತ ಹಾಕಿದರು. ಮರುದಾಳಿಯಲ್ಲಿ ಕರಿಯವರನ್ನು ತಡೆಯುವ ಹೊಣೆ ಎತ್ತರದ, ಅವರಷ್ಟು ಚುರುಕಲ್ಲದ ಕೆವಿನ್ ಲವ್ ಮೇಲೆ ಬಿತ್ತು. ಲವ್ ಕಾಲು ಸೋಲದೆ, ಪ್ರತಿ ತಿರುವಿಗೂ ಎದುರು ನಿಂತರು. ಕರಿಯ ಎಸೆತ ಗುರಿ ತಪ್ಪಿತು. ಲವ್ ಅವರ ಸಾಲಿನಲ್ಲಿ ಇದಕ್ಕೆ ಕಾಲಂ ಇಲ್ಲ. ಕರಿಯ ಸಾಲಿನ 4-14ರಲ್ಲಿ, ತಪ್ಪಿದ ಹತ್ತರಲ್ಲಿ ಒಂದಾಗಿ ಅದನ್ನು ಹುಡುಕಬೇಕು.